ಕಾವೇರಿಯ ಡುಬ್ಬದ ಮಹಶೀರ್

ತಲೆಯ ಹಿಂದಿನಿಂದಲೇ ಏರುವ ಡುಬ್ಬ, ಕಿತ್ತಳೆ ಬಣ್ಣದ ರೆಕ್ಕೆ, ದೊಡ್ಡ ಮೀನಿನಲ್ಲಿ ಅಂಗೈಯಗಲದ ಹುರುಪೆ. ಕಾವೇರಿ ಕೊಳ್ಳ ಬಿಟ್ಟರೆ ಜಗತ್ತಿನಲ್ಲಿ ಇನ್ನೆಲ್ಲೂ ಇಲ್ಲದ ಮೀನು ಇದು. ಬಾಯಲ್ಲಿ ಹಲ್ಲಿಲ್ಲ, ಗಂಟಲೊಳಗಿನ ಹಲ್ಲುಗಳಿಂದಲೇ ಏಡಿ, ಬಸವನಹುಳುಗಳನ್ನು ಪುಡಿಮಾಡಿ ನುಂಗುತ್ತದೆ.

1946ರಲ್ಲಿ ಕಬಿನಿಯಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಅವರ ಗಾಳಕ್ಕೆ ಬಿದ್ದ ಮೀನು 120 ಪೌಂಡ್, ಅಂದರೆ ಸುಮಾರು 54 ಕಿಲೊ ತೂಗಿತ್ತು. ಮುಂದೆ ಕಾವೇರಿ ದಂಡೆಯ ಭೀಮೇಶ್ವರಿ, ಗಾಲಿಬೋರೆಯ ಶಿಬಿರಗಳಿಗೆ ದೇಶವಿದೇಶಗಳ ಗಾಳಗಾರರು ಬಂದರು. ಅವರು ಗಾಳಕ್ಕೆ ಸಿಕ್ಕಿಸುತ್ತಿದ್ದದ್ದು ನಮ್ಮದೇ ರಾಗಿ ಹಿಟ್ಟಿನ ಬೇಯಿಸಿದ ಉಂಡೆ. ತೆಪ್ಪ ನಡೆಸಿ, ಮಡುವಿನ ಆಳ ತಿಳಿದು ದಾರಿ ತೋರಿದವರು ಹೊಳೆದಂಡೆಯ ಊರಿನವರು. ಹಿಡಿದ ಮೀನನ್ನು ತೂಗಿ ಮತ್ತೆ ನೀರಿಗೇ ಬಿಡುತ್ತಿದ್ದರು.

ಆದರೂ ಈ ಮೀನು ಕಡಿಮೆಯಾಗುತ್ತ ಹೋಯಿತು. ಅಣೆಕಟ್ಟುಗಳು ಅದರ ದಾರಿಗೆ ಅಡ್ಡವಾದವು. ಮರಳು ತೆಗೆದರು, ಸಿಡಿಮದ್ದು ಹಾಕಿ ಮೀನು ಕೊಂದರು. ಇವಿಷ್ಟೇ ಅಲ್ಲ, ಒಳ್ಳೆಯ ಉದ್ದೇಶದ ಕೆಲಸವೊಂದೂ ಕೇಡಿಗೆ ಕಾರಣವಾಯಿತು ಎಂಬುದು ನೋವಿನ ಸಂಗತಿ. ಮೀನು ಹೆಚ್ಚಲೆಂದು ಹೊಳೆಗೆ ಬಿಟ್ಟ ಮರಿಗಳು ಬೇರೆ ಜಾತಿಯವು: ನೀಲಿ ರೆಕ್ಕೆಯ ಮಹಶೀರ್. 1998ರಿಂದ 2012ರವರೆಗಿನ ಗಾಲಿಬೋರೆ ಶಿಬಿರದ ದಾಖಲೆಗಳಲ್ಲಿ ನೀಲಿ ರೆಕ್ಕೆಯದು ಹೆಚ್ಚುತ್ತ ಹೋದಂತೆ ಡುಬ್ಬದ ಮೀನು ಕುಸಿಯುತ್ತದೆ. ಒಟ್ಟು ಮಹಶೀರ್ ಸಂಖ್ಯೆ ಚೆನ್ನಾಗಿಯೇ ಕಂಡದ್ದರಿಂದ ಈ ನಷ್ಟ ಬೇಗ ಕಣ್ಣಿಗೆ ಬೀಳಲಿಲ್ಲ.

ಇಷ್ಟು ಹೆಸರಾಂತ ಮೀನಿಗೆ ಟಾರ್ ರೆಮಾದೇವಿ ಎಂಬ ವೈಜ್ಞಾನಿಕ ಹೆಸರು ಖಚಿತವಾದದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು. ಕಾವೇರಿ ಕೊಳ್ಳದ ಮೋಯಾರ್ ನದಿಯಲ್ಲಿ ಅದು ಈಗಲೂ ಉಳಿದಿದೆ.