ಕರಿಚಿರತೆ

ಸೇಡಂ, ಚಿಂಚೋಳಿ ಕಡೆಯ ಮಾತಿನಲ್ಲಿ ಮನೆ ‘ಮನಿ’ ಆದಂತೆ ಚಿರತೆ ‘ಚಿರತಿ’. ಗಡಿ ದಾಟಿ ತಾಂಡೂರಿಗೆ ಹೋದರೆ ಅದೇ ಪ್ರಾಣಿ ‘ಚಿರುತಪುಲಿ’. ತೆಲುಗಿನಲ್ಲಿ ‘ಚಿರುತ’ ಎಂದರೆ ಚಿಕ್ಕದು. ಅಲ್ಲಿಗೆ ಇದು ಚಿಕ್ಕ ಹುಲಿ. ನಮ್ಮ ಕೆರೆ ಅವರಿಗೆ ಚೆರುವು, ನಮ್ಮ ಕಿವಿ ಚೆವಿ, ನಮ್ಮ ಕಿರು ಚಿರು. ಚಿರತೆ ಅಚ್ಚಗನ್ನಡದ ಪದವಾಗಿದ್ದರೆ ‘ಕಿರತೆ’ ಎನ್ನಬೇಕಿತ್ತು! ತೆಲುಗಿನಿಂದಲೇ ಬಂದಿರಬೇಕೆಂಬುದು ನನ್ನ ಊಹೆ.

‘ಕರಿ’ ಸೇರಿದ ಮಾತ್ರಕ್ಕೆ ಪ್ರಾಣಿ ಬೇರೆಯಾಗುವುದಿಲ್ಲ. ಕಬಿನಿ ಹಿನ್ನೀರಿನಲ್ಲೋ ಕಾಳಿ ಹುಲಿ ಸಂರಕ್ಷಿತ ಪ್ರದೇಶದಲ್ಲೋ ಕಾಣುವ ಕರಿಚಿರತೆ ಮಾಮೂಲಿ ಚಿರತೆಯೇ. ಓರೆ ಬಿಸಿಲು ಬಿದ್ದರೆ ಮೈಮೇಲಿನ ಚುಕ್ಕೆಗಳು ಕಪ್ಪು ರೇಷ್ಮೆಯಲ್ಲಿ ಕಪ್ಪೆಳೆಯಿಂದಲೇ ನೇಯ್ದ ಬುಟ್ಟಾದಂತೆ ಎದ್ದು ಕಾಣುತ್ತವೆ. ಕಾರಣ, ಬಣ್ಣ ನಿಯಂತ್ರಿಸುವ ಅಗೂಟಿ ಎಂಬ ಜೀನ್ ಕೆಟ್ಟಿರುವುದು. ಕೆಟ್ಟ ಪ್ರತಿ ತಾಯಿ ತಂದೆ ಇಬ್ಬರಿಂದಲೂ ಬಂದರೆ ಮಾತ್ರ ಮರಿ ಕಪ್ಪು. ಹಾಗಾಗಿ ಚುಕ್ಕೆಯ ಜೋಡಿಗೂ ಕರಿಮರಿ ಹುಟ್ಟಬಹುದು. ದಕ್ಷಿಣ ಅಮೆರಿಕದ ಜಾಗ್ವಾರ್ ಕಪ್ಪಾಗಲು ಬೇರೆಯದೇ ಜೀನ್ ಕಾರಣ, ಅಲ್ಲಿ ಒಂದು ಪ್ರತಿ ಸಾಕು.

ಒಡಿಶಾದ ಸಿಮ್ಲಿಪಾಲದ ‘ಕರಿಹುಲಿ’ಯ ಕಥೆಯೇ ಬೇರೆ. ಅಲ್ಲಿ ಪಟ್ಟೆಗಳು ಅಗಲವಾಗಿ ಒಂದಕ್ಕೊಂದು ಕೂಡಿಕೊಂಡಿವೆ, ಅಷ್ಟೆ. ಅದರ ಜೀನನ್ನು ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್‌ನ ಉಮಾ ರಾಮಕೃಷ್ಣನ್ ತಂಡ 2021ರಲ್ಲಿ ಗುರುತಿಸಿತು.

ಪತ್ರಿಕೆಗಳು ‘ಬ್ಲ್ಯಾಕ್ ಪ್ಯಾಂಥರ್’ ಎಂದು ಬರೆದಾಗ ಅದು ಇನ್ನೊಂದು ಜಾತಿ ಎಂಬ ಭ್ರಮೆ ಹುಟ್ಟುತ್ತದೆ. ‘ಕರಿಚಿರತೆ’ ಎಂದೇ ಬರೆಯಿರಿ.