ಫುಟ್‌ಬಾಲ್ ಆಡುವ ಮಕ್ಕಳಿಗೆ ಕಾಲೇಜು ದಾರಿ ಯಾವುದು?

ಹುಲಸೂರ: ಕಾಲೇಜು ಕೋಚ್‌ಗಳೇ ಹೈಸ್ಕೂಲ್ ಆಟಗಾರರನ್ನು ಹುಡುಕಿಕೊಂಡು ಹೋಗೋದು ಅಮೆರಿಕದ ಪದ್ಧತಿ. ನಮ್ಮಲ್ಲಿ ಮಕ್ಕಳೇ ಒಂದೊಂದೇ ಹಂತ ದಾಟಬೇಕು. 14 ಮತ್ತು 17 ವರ್ಷದೊಳಗಿನವರ ಶಾಲಾ ಪಂದ್ಯಗಳು ತಾಲೂಕು, ಬೀದರ ಜಿಲ್ಲೆ, ಕಲಬುರಗಿ ವಿಭಾಗ, ಆಮೇಲೆ ರಾಜ್ಯಮಟ್ಟಕ್ಕೆ ಹೋಗುತ್ತವೆ. ಪಿಯು ಪಂದ್ಯಗಳು ಬೇರೆ ನಡೆಯುತ್ತವೆ.

ಓದಿನ ಜತೆ ತರಬೇತಿ ಬೇಕಾದರೆ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕ್ರೀಡಾ ವಸತಿ ನಿಲಯಗಳಿವೆ. ಟ್ರಯಲ್ಸ್‌ನಲ್ಲಿ ಆಯ್ಕೆಯಾದವರಿಗೆ ಊಟ, ವಸತಿ ಸರ್ಕಾರದ್ದೇ.

ಇಂಜಿನಿಯರಿಂಗ್‌ನಂಥ ಕೋರ್ಸ್‌ಗೆ ಸಿಇಟಿಯಲ್ಲಿ ಕ್ರೀಡಾ ಕೋಟಾ ಇದೆ. ಅರ್ಜಿ ತುಂಬುವಾಗಲೇ ಅದನ್ನು ನಮೂದಿಸಬೇಕು. ಮೇಲಿನ ಮಟ್ಟದಲ್ಲಿ ಆಡಿದವರಿಗೆ ಆದ್ಯತೆ.

ಪಾಲಕರು ಮರೆಯಬಾರದ್ದು ಒಂದೇ: ಪಂದ್ಯ ಮುಗಿದ ಕೂಡಲೇ ದೈಹಿಕ ಶಿಕ್ಷಕರ ಮೂಲಕ ಸರ್ಟಿಫಿಕೇಟ್ ಪಡೆಯಿರಿ. ಹೆಸರು, ಹುಟ್ಟಿದ ದಿನಾಂಕ ಶಾಲಾ ದಾಖಲೆಯಂತೆಯೇ ಇದೆಯಾ ನೋಡಿಕೊಳ್ಳಿ. ಎಷ್ಟು ಚೆನ್ನಾಗಿ ಆಡಿದರೂ ಕಾಗದ ಇಲ್ಲದಿದ್ದರೆ ಕೋಟಾ ಸಿಗಲ್ಲ.