ಅನಾಥನಿಗೆ ನಾಥನಾರು?



ಸಿರುಗುಪ್ಪದ ಸೀಮೆಯಲ್ಲಿ ತೆಕ್ಕಲಕೋಟೆಯ ಕಲ್ಲುಗುಡ್ಡಗಳನ್ನು ತಾವು ಕಂಡಿರಬಹುದು. 1960ರ ದಶಕದಲ್ಲಿ ಡಾ. ಎಂ. ಎಸ್. ನಾಗರಾಜರಾಯರು ಅಲ್ಲಿ ಉತ್ಖನನ ನಡೆಸಿ, ನೂತನ ಶಿಲಾಯುಗದ ಜನರ ನೆಲೆಯನ್ನು ಬೆಳಕಿಗೆ ತಂದರು. ಆ ಜನರು ತೀರಿಹೋದ ಎಳೆಯ ಮಕ್ಕಳನ್ನು ಮಡಕೆಯಲ್ಲಿಟ್ಟು, ತಾವು ಬಾಳುವ ನೆಲೆಯಲ್ಲೇ ಹೂಳುತ್ತಿದ್ದರು. ಅವರ ಮನಸ್ಸಿನಲ್ಲಿ ಏನಿತ್ತೆಂದು ಹೇಳಬಲ್ಲವರಾರು? ಆದರೂ ಸತ್ತ ಕೂಸನ್ನೂ ದೂರ ಮಾಡಲಿಲ್ಲವೆಂಬುದು ಕರುಳನ್ನು ತಟ್ಟುತ್ತದೆ. ಹಾಗಾದರೆ, ಬದುಕಿರುವ ಕೂಸಿಗೆ ಮನೆಯೇ ಇಲ್ಲವಾದರೆ?

ಈ ಸೀಮೆ ಆ ದುಃಖವನ್ನೂ ಕಂಡುಂಡಿದೆ. 1876ರಿಂದ 1878ರವರೆಗೆ, ಧಾತು–ಈಶ್ವರ ಸಂವತ್ಸರಗಳಲ್ಲಿ, ದಕ್ಷಿಣ ಭಾರತವನ್ನು ಮಹಾಕ್ಷಾಮ ಆವರಿಸಿತು. ಸತ್ತವರು 50 ಲಕ್ಷಕ್ಕೂ ಮಿಕ್ಕಿದ್ದರೆಂದು ಅಂದಾಜು. ಅಂದು ಮದ್ರಾಸು ಪ್ರಾಂತಕ್ಕೆ ಸೇರಿದ್ದ ಬಳ್ಳಾರಿ ಜಿಲ್ಲೆ ಬಹಳವಾಗಿ ನೊಂದಿತು. ಸರಕಾರ ಪರಿಹಾರದ ಶಿಬಿರಗಳನ್ನು ತೆರೆಯಿತು. ನಾಡಿನ ಹಲವೆಡೆ ಮಿಷನರಿಗಳು ಅನಾಥಾಲಯಗಳನ್ನು ನಡೆಸಿದರು. ಗಂಜಿ ಜೀವವನ್ನು ಉಳಿಸಿತು, ನಿಜ. ಆದರೆ ಸಂಜೆಗೆ ಹೆಸರು ಹಿಡಿದು ಕರೆಯುವವರಾರು?

‘ಅನಾಥ’ ಎಂಬ ಶಬ್ದವನ್ನೇ ನೋಡಿರಿ. ಅನ್ನವಿಲ್ಲದವನೆಂದು ಅದರ ಅರ್ಥವಲ್ಲ. ನಾಥನಿಲ್ಲದವನು, ‘ಇವನು ನಮ್ಮವನು’ ಎನ್ನುವವರಿಲ್ಲದವನು ಎಂದರ್ಥ. ನಮ್ಮ ಹಳ್ಳಿಗರ ‘ಪರದೇಶಿ’ ಎಂಬ ಮಾತೂ ಅದನ್ನೇ ಹೇಳುತ್ತದೆ. ಹುಟ್ಟಿದೂರಿನಲ್ಲೇ ಆ ಮಗು ಪರದೇಶದವನಾಗಿಬಿಡುತ್ತದೆ!

ಈ ಕೊರತೆಯನ್ನು ಅರಿತು ತುಂಬಿದವರು ದೂರದವರಲ್ಲ. ಬಳ್ಳಾರಿಯಿಂದ ಹೊಸಪೇಟೆ, ಕೊಪ್ಪಳಗಳನ್ನು ದಾಟಿ ರೈಲು ಗದಗನ್ನು ಮುಟ್ಟುತ್ತದೆ. ಅಲ್ಲಿಯದೇ ವೀರೇಶ್ವರ ಪುಣ್ಯಾಶ್ರಮ. ಅದನ್ನು ಕಟ್ಟಿದ ಪಂಚಾಕ್ಷರಿ ಗವಾಯಿಗಳು 1892ರಲ್ಲಿ ಹಾನಗಲ್ಲ ಸೀಮೆಯಲ್ಲಿ ಹುಟ್ಟುಕುರುಡರಾಗಿ ಜನಿಸಿದರು. ಹಾನಗಲ್ಲ ಕುಮಾರಸ್ವಾಮಿಗಳು ಆ ಬಾಲಕನ ಕಂಠವನ್ನು ಮೆಚ್ಚಿ, ಕರೆದೊಯ್ದು ಸಂಗೀತ ಕಲಿಸಿದರು. ತಮಗೆ ದೊರೆತ ಆ ಆಸರೆಯನ್ನು ಗವಾಯಿಗಳು ಕುರುಡ, ಅನಾಥ, ಬಡ ಮಕ್ಕಳಿಗೆ ಹಂಚಿದರು. ಅವರ ಹೊಟ್ಟೆ ಹೊರೆಯಲು ನಾಟಕ ಸಂಘವನ್ನೂ ಕಟ್ಟಿದರು.

ಎಳವೆಯಲ್ಲೇ ದೃಷ್ಟಿ ಕಳೆದುಕೊಂಡು, ಸೋದರಮಾವನ ಆಶ್ರಯದಲ್ಲಿದ್ದ ಪುಟ್ಟರಾಜರು ಹೀಗೆ ಗವಾಯಿಗಳ ಮಡಿಲಿಗೆ ಬಂದ ಶಿಷ್ಯರು. 1944ರಲ್ಲಿ ಗುರುಗಳು ಲಿಂಗೈಕ್ಯರಾದ ಮೇಲೆ, 2010ರಲ್ಲಿ ತಾವು ಕಣ್ಮುಚ್ಚುವವರೆಗೂ, ಆ ಸಂಸಾರದ ನೊಗವನ್ನು ಅವರೇ ಹೊತ್ತರು. ಭಕ್ತರು ಮಾಡಿದ ತುಲಾಭಾರದ ಹಣ ಮಕ್ಕಳ ಅನ್ನವಾಯಿತು. ಜನ ಅವರನ್ನು ಅಧ್ಯಕ್ಷರೆನ್ನಲಿಲ್ಲ, ವ್ಯವಸ್ಥಾಪಕರೆನ್ನಲಿಲ್ಲ, ‘ಅಜ್ಜ’ ಎಂದರು. ಆಕಾಶವಾಣಿಯಲ್ಲಿ ಬಸವರಾಜ ರಾಜಗುರುಗಳ ಗಾಯನವನ್ನು ಕೇಳಿದವರು, ಅವರೂ ಪಂಚಾಕ್ಷರಿ ಗವಾಯಿಗಳ ಶಿಷ್ಯರೇ ಎಂಬುದನ್ನು ನೆನೆಯಬೇಕು.

ಎರಡನೆಯ ಮಹಾಯುದ್ಧದ ತರುವಾಯ, 1949ರಲ್ಲಿ, ಆಸ್ಟ್ರಿಯದ ಹರ್ಮನ್ ಗ್ಮೈನರರು ಇಮ್‌ಸ್ಟ್ ಎಂಬ ಊರಿನಲ್ಲಿ ಮಕ್ಕಳ ಗ್ರಾಮವನ್ನು ಆರಂಭಿಸಿದರು. ಒಬ್ಬ ತಾಯಿ, ಒಡಹುಟ್ಟಿದವರಂತೆ ಕೆಲವು ಮಕ್ಕಳು, ಒಂದು ಮನೆ, ಸುತ್ತ ಒಂದು ಊರು: ಇಷ್ಟೇ ಅವರ ಸೂತ್ರ. ದೇಶ ಬೇರೆ, ಭಾಷೆ ಬೇರೆ. ಕಂಡ ಸತ್ಯ ಒಂದೇ.

ನಮ್ಮ 2015ರ ಬಾಲನ್ಯಾಯ ಕಾಯಿದೆಯೂ ಮಗುವಿಗೆ ಮೊದಲು ಕುಟುಂಬ, ಕಟ್ಟಕಡೆಗೆ ಸಂಸ್ಥೆ ಎನ್ನುತ್ತದೆ. ದತ್ತು, ಸಾಕುಪೋಷಣೆ, ಮಗುವನ್ನು ಸಲಹುವ ಬಡಕುಟುಂಬಕ್ಕೆ ಧನಸಹಾಯ, ಇವಕ್ಕೆ ಅದರಲ್ಲಿ ಅವಕಾಶವುಂಟು. ಆಸರೆಯಿಲ್ಲದ ಮಗುವನ್ನು ಕಂಡರೆ 1098ಕ್ಕೆ ದೂರವಾಣಿ ಮಾಡಬಹುದು.

ಕಾಯಿದೆ ದಾರಿಯನ್ನು ತೋರೀತು. ‘ಬಾ ಮಗೂ’ ಎಂದು ಕರೆಯಲಾರದು. ಆ ಮಾತನ್ನು ಮನುಷ್ಯರೇ ಆಡಬೇಕು. ನಮ್ಮ ಓಣಿಯಲ್ಲಿ ಮೊಮ್ಮಗನನ್ನು ಒಬ್ಬಳೇ ಸಾಕುತ್ತಿರುವ ಅಜ್ಜಿಯಿದ್ದರೆ, ಅವಳ ಬಾಗಿಲಿಗೆ ಹೋಗಿ ವಿಚಾರಿಸುವುದು ಧರ್ಮದ ಮೊದಲ ಮೆಟ್ಟಿಲಲ್ಲವೇ?